ಜಿಸಿ ಗ್ಯಾಸ್: 5.0 ಸಾಕಾ, 6.0 ಬೇಕಾ? ಎಫ್‌ಐಡಿ, ಇಸಿಡಿ, ಎಂಎಸ್ ಮೂರೂ ಇರುವ ಲ್ಯಾಬಿಗೆ

ಪೀಣ್ಯ_ಕ್ಯೂಸಿ

ಗ್ಯಾಸ್ ಸಪ್ಲೈ ಕಾಂಟ್ರ್ಯಾಕ್ಟ್ ಹೊಸದಾಗಿ ಮಾಡ್ತಿದ್ದೇವೆ, ಸ್ಪೆಸಿಫಿಕೇಶನ್ ಬರೆದುಕೊಡಬೇಕು. ಲ್ಯಾಬಿನಲ್ಲಿ ಮೂರು ಜಿಸಿ (ಗ್ಯಾಸ್ ಕ್ರೊಮ್ಯಾಟೋಗ್ರಾಫ್, ಸ್ಯಾಂಪಲನ್ನು ಗ್ಯಾಸ್ ಹರಿವಿನಲ್ಲಿ ಕಾಲಂ ಮೂಲಕ ಕಳಿಸಿ ಘಟಕಗಳನ್ನು ಬೇರ್ಪಡಿಸುವ ಯಂತ್ರ) ಇವೆ. ಒಂದು ಹೆಡ್‌ಸ್ಪೇಸ್ (ವಯಲ್‌ನಲ್ಲಿ ಸ್ಯಾಂಪಲ್ ಮೇಲಿನ ಆವಿಯನ್ನು ತೆಗೆಯುವ) ಎಫ್‌ಐಡಿ (ಜ್ವಾಲೆಯ ಡಿಟೆಕ್ಟರ್), 624 ಕಾಲಂ, ರೆಸಿಡ್ಯುಯಲ್ ಸಾಲ್ವೆಂಟ್‌ಗೆ (ಉಳಿದುಕೊಂಡ ದ್ರಾವಕಕ್ಕೆ). ಇನ್ನೊಂದು ಇಸಿಡಿ (ಎಲೆಕ್ಟ್ರಾನ್ ಹಿಡಿಯುವ ವಸ್ತುಗಳನ್ನು ಗುರುತಿಸುವ ಡಿಟೆಕ್ಟರ್), ಕ್ಲೋರಿನ್ ಇರುವ ಕೀಟನಾಶಕಗಳ ಉಳಿಕೆಗೆ. ಮೂರನೆಯದು ಸಿಂಗಲ್ ಕ್ವಾಡ್ರುಪೋಲ್ ಎಂಎಸ್ (ಮಾಸ್ ಸ್ಪೆಕ್ಟ್ರೋಮೀಟರ್). ಪರ್ಚೇಸ್‌ನವರು ಎಲ್ಲಕ್ಕೂ ಒಂದೇ ಗ್ರೇಡ್ ಹಾಕಿ ಅಂತಾರೆ, ಸಪ್ಲೈಯರ್ ಎಲ್ಲಕ್ಕೂ 6.0 ತಗೊಳ್ಳಿ ಅಂತಾರೆ. ಯಾವುದಕ್ಕೆ ಎಷ್ಟು ಶುದ್ಧತೆ ನಿಜಕ್ಕೂ ಬೇಕು, ಯಾವುದರಲ್ಲಿ ಉಳಿಸಬಹುದು?

ಬೇಸ್‌ಲೈನ್

ಸರ್, ಒಂಬತ್ತುಗಳನ್ನು ಎಣಿಸಿ ಆರ್ಡರ್ ಮಾಡೋದನ್ನು ಮೊದಲು ಬಿಡಿ. 5.0 ಅಂದರೆ 99.999 ಶೇಕಡ, ಅಂದರೆ ಒಟ್ಟು ಕಲ್ಮಶ 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಪಾಲು) ಒಳಗೆ. 5.5 ಅಂದರೆ 5 ಪಿಪಿಎಂ, 6.0 ಅಂದರೆ 1 ಪಿಪಿಎಂ. ಆ 10 ಪಿಪಿಎಂನಲ್ಲಿ ಏನೇನಿದೆ ಅನ್ನೋದನ್ನು ಈ ಅಂಕಿ ಹೇಳಲ್ಲ. ಹೀಲಿಯಂ ಸಿಲಿಂಡರಿನಲ್ಲಿ 8 ಪಿಪಿಎಂ ನೈಟ್ರೋಜನ್ ಇದ್ದರೆ ನಿಮ್ಮ ಎಫ್‌ಐಡಿಗೆ ಗೊತ್ತೇ ಆಗಲ್ಲ. ಅದೇ 8 ಪಿಪಿಎಂ ಆಮ್ಲಜನಕ ಮತ್ತು ತೇವಾಂಶ ಆಗಿದ್ದರೆ ಕಾಲಂ ಆಯುಸ್ಸು ಕರಗುತ್ತೆ. ಎರಡೂ ಸಿಲಿಂಡರಿನ ಮೇಲೆ 5.0 ಅಂತಲೇ ಬರೆದಿರುತ್ತೆ.

ಆದ್ದರಿಂದ ಸ್ಪೆಸಿಫಿಕೇಶನ್‌ನಲ್ಲಿ ಮೂರು ಹೆಸರು ಬಿಡಿಬಿಡಿಯಾಗಿ ಇರಲೇಬೇಕು: ಆಮ್ಲಜನಕ, ತೇವಾಂಶ, ಒಟ್ಟು ಹೈಡ್ರೋಕಾರ್ಬನ್. ಕ್ಯಾರಿಯರ್‌ಗೆ (ಸ್ಯಾಂಪಲನ್ನು ಕಾಲಂ ಮೂಲಕ ಹೊತ್ತೊಯ್ಯುವ ಗ್ಯಾಸ್‌ಗೆ) ನಾನು ಹಾಕುವ ಮಿತಿ: ಆಮ್ಲಜನಕ 1 ಪಿಪಿಎಂ, ತೇವಾಂಶ 1 ಪಿಪಿಎಂ, ಹೈಡ್ರೋಕಾರ್ಬನ್ 0.5 ಪಿಪಿಎಂ. ಈ ಮೂರನ್ನು ಪಾಲಿಸುವ 5.0 ಸಿಲಿಂಡರ್, ಜೊತೆಗೆ ಸರಿಯಾದ ಟ್ರ್ಯಾಪ್ (ಲೈನಿನಲ್ಲಿ ಕಲ್ಮಶ ಹಿಡಿಯುವ ಫಿಲ್ಟರ್), ಇಷ್ಟಿದ್ದರೆ ನಿಮ್ಮ ಮೂರೂ ಜಿಸಿ ನಡೆಯುತ್ತೆ. ಯುಎಚ್‌ಪಿ (ಅಲ್ಟ್ರಾ ಹೈ ಪ್ಯೂರಿಟಿ) ಅನ್ನೋ ಪದವನ್ನು ಕಾಂಟ್ರ್ಯಾಕ್ಟ್‌ನಲ್ಲಿ ಬರೆಯಲೇಬೇಡಿ, ಒಬ್ಬೊಬ್ಬ ಸಪ್ಲೈಯರ್‌ಗೆ ಅದರ ಅರ್ಥ ಒಂದೊಂದು.

ಫೆರೂಲ್

ಬೇಸ್‌ಲೈನ್ ಹೇಳಿದ್ದಕ್ಕೆ ಒಂದು ಸೇರಿಸ್ತೇನೆ: ಡಿಟೆಕ್ಟರ್ ಜೊತೆಗೆ ಕಾಲಂ ಯಾವುದು ಅಂತಲೂ ನೋಡಬೇಕು. ಆಮ್ಲಜನಕ ಬಿಸಿ ಕಾಲಂ ಒಳಗೆ ಹೋದಾಗ ಸ್ಟೇಷನರಿ ಫೇಸ್ (ಕಾಲಂ ಒಳಗೋಡೆಯ ಲೇಪ) ಒಡೆಯುತ್ತೆ. ವ್ಯಾಕ್ಸ್ ಕಾಲಂ, ಅಂದರೆ ಪಾಲಿಎಥಿಲೀನ್ ಗ್ಲೈಕಾಲ್, ಇದಕ್ಕೆ ಎಲ್ಲಕ್ಕಿಂತ ಬೇಗ ಬಲಿಯಾಗುತ್ತೆ. ಸಯನೋಪ್ರೊಪೈಲ್ ಹೆಚ್ಚಿರುವ ಕಾಲಂಗಳು ಅದರ ಹಿಂದೆಯೇ. ನಿಮ್ಮ 624ರಲ್ಲಿ ಸಯನೋಪ್ರೊಪೈಲ್‌ಫಿನೈಲ್ 6 ಶೇಕಡ ಮಾತ್ರ, ಸಾಲ್ವೆಂಟ್ ಮೆಥಡ್‌ನಲ್ಲಿ 240 ಡಿಗ್ರಿ ದಾಟಲ್ಲ, ಹಾಗಾಗಿ ತಡೆದುಕೊಳ್ಳುತ್ತೆ. ಅಲ್ಯೂಮಿನಾ ಅಥವಾ ಮಾಲಿಕ್ಯುಲರ್ ಸೀವ್ ಪ್ಲಾಟ್ ಕಾಲಂ (ಒಳಗೋಡೆಗೆ ಘನ ಹೀರುಪುಡಿ ಅಂಟಿರುವುದು) ಇದ್ದರೆ ಕಥೆಯೇ ಬೇರೆ: ಅಲ್ಲಿ ತೇವಾಂಶವೇ ಶತ್ರು, ನೀರು ಕೂತ ಹಾಗೆಲ್ಲ ರಿಟೆನ್ಷನ್ ಟೈಮ್ (ಪೀಕ್ ಹೊರಬರುವ ಸಮಯ) ಕಮ್ಮಿಯಾಗುತ್ತೆ.

ಹೆಡ್‌ಸ್ಪೇಸ್ ವಯಲ್‌ಗೆ ಒತ್ತಡ ತುಂಬುವ ಗ್ಯಾಸ್‌ಗೆ ಆಮ್ಲಜನಕದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ವಯಲ್ ಮುಚ್ಚುವಾಗಲೇ ಒಳಗೆ ಗಾಳಿ ಇದೆ, ಪ್ರತಿ ಇಂಜೆಕ್ಷನ್‌ನಲ್ಲೂ ಅದು ಕಾಲಂಗೆ ಹೋಗುತ್ತಲೇ ಇದೆ. ಅಲ್ಲಿ ನೋಡಬೇಕಾದ್ದು ಹೈಡ್ರೋಕಾರ್ಬನ್ ಒಂದೇ.

ಪೀಣ್ಯ_ಕ್ಯೂಸಿ

ಇಬ್ಬರಿಗೂ ಧನ್ಯವಾದ. ಎಫ್‌ಐಡಿಗೆ ಏರ್ ಈಗ ಕಂಪ್ರೆಸರ್‌ನಿಂದ ಬರ್ತಿದೆ, ನಡುವೆ ಸಿಲಿಕಾ ಜೆಲ್ ಮತ್ತು ಚಾರ್ಕೋಲ್ ಟ್ರ್ಯಾಪ್ ಇದೆ. ಹೈಡ್ರೋಜನ್ ಸಿಲಿಂಡರ್. ಹೈಡ್ರೋಜನ್ನನ್ನು 6.0ಗೆ ಏರಿಸಿದರೆ ಬೇಸ್‌ಲೈನ್ ನಾಯ್ಸ್ ಇಳಿಯುತ್ತಾ? 1,1,1-ಟ್ರೈಕ್ಲೋರೋಈಥೇನ್ ಸಿಗ್ನಲ್-ಟು-ನಾಯ್ಸ್ ಅಂಚಿನಲ್ಲೇ ಪಾಸ್ ಆಗುತ್ತೆ.

ಬೇಸ್‌ಲೈನ್

ಇಳಿಯಲ್ಲ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಜ್ವಾಲೆಗೆ ಹೈಡ್ರೋಜನ್ ನಿಮಿಷಕ್ಕೆ 35 ಮಿ.ಲೀ. ಹೋಗುತ್ತೆ ಅನ್ನಿ, ಅದರಲ್ಲಿ ಹೈಡ್ರೋಕಾರ್ಬನ್ 0.1 ಪಿಪಿಎಂ. ನಿಮಿಷಕ್ಕೆ ಜ್ವಾಲೆ ಸೇರುವ ಕಲ್ಮಶ 0.0035 ಮೈಕ್ರೋಲೀಟರ್. ಏರ್ ನಿಮಿಷಕ್ಕೆ 400 ಮಿ.ಲೀ. ಹೊರಗಿನ ಗಾಳಿಯಲ್ಲಿ ಮೀಥೇನ್ ಒಂದೇ ಹೆಚ್ಚುಕಡಿಮೆ 2 ಪಿಪಿಎಂ ಇರುತ್ತೆ, ಅದು 0.8 ಮೈಕ್ರೋಲೀಟರ್ ಆಯ್ತು. ಹೈಡ್ರೋಜನ್ ತರುವ ಕೊಳೆಯ ಇನ್ನೂರು ಪಟ್ಟಿಗೂ ಹೆಚ್ಚು. ಚಾರ್ಕೋಲ್ ಮೀಥೇನನ್ನು ಹಿಡಿಯಲ್ಲ, ಹಾಗೇ ಬಿಟ್ಟುಬಿಡುತ್ತೆ. ಅದನ್ನು ಸುಡಲು ಬಿಸಿ ಪ್ಲಾಟಿನಂ ಅಥವಾ ಪಲ್ಲಾಡಿಯಂ ಕ್ಯಾಟಲಿಸ್ಟ್ ಬೇಕು, ಅದೇ ಝೀರೋ ಏರ್ ಜನರೇಟರ್ ಮಾಡೋ ಕೆಲಸ.

ಮೀಥೇನ್ ಒಂದೇ ಸಮನಾಗಿದ್ದರೆ ಬರೀ ಆಫ್‌ಸೆಟ್ ಏರುತ್ತೆ, ಅದರ ಜೊತೆ ನಾಯ್ಸ್ ಸ್ವಲ್ಪ. ನಿಜವಾದ ಕಾಟ ಕಂಪ್ರೆಸರ್ ಕೂತಿರುವ ಜಾಗದ್ದು. ಸ್ಯಾಂಪಲ್ ಪ್ರೆಪ್ ರೂಮಿನ ಎಕ್ಸಾಸ್ಟ್ ಹತ್ತಿರ ಇದ್ದರೆ ಮೆಥನಾಲ್, ಡಿಸಿಎಂ (ಡೈಕ್ಲೋರೋಮೀಥೇನ್) ಆವಿಯನ್ನೇ ಎಳೆದುಕೊಂಡು ಕೊಡುತ್ತೆ. ಬೆಳಿಗ್ಗೆ ಕೆಲಸ ಶುರುವಾದಾಗ ಬೇಸ್‌ಲೈನ್ ಏರಿ, ಊಟದ ಹೊತ್ತಿಗೆ ಇಳಿದರೆ ಅನುಮಾನ ಅಲ್ಲೇ ಪಡಬೇಕು. ಎಣ್ಣೆ ಹಾಕುವ ಕಂಪ್ರೆಸರ್ ಆಗಿದ್ದರೆ ಚಾರ್ಕೋಲ್ ಬೇಗ ತುಂಬಿಹೋಗುತ್ತೆ, ಒಮ್ಮೆ ತುಂಬಿದ ಮೇಲೆ ಅದೇ ಎಣ್ಣೆಯ ಆವಿಯನ್ನು ವಾಪಸ್ ಬಿಡೋಕೆ ಶುರು ಮಾಡುತ್ತೆ.

6.0 ಹೈಡ್ರೋಜನ್‌ಗೆ ಇಟ್ಟ ದುಡ್ಡನ್ನು ಝೀರೋ ಏರ್ ಜನರೇಟರ್‌ಗೆ ಹಾಕಿ. ಏರ್ ಸಿಲಿಂಡರ್ ತರಿಸೋದು ಲೆಕ್ಕಕ್ಕೆ ಬರಲ್ಲ: 47 ಲೀಟರ್ ಸಿಲಿಂಡರ್ 150 ಬಾರ್‌ನಲ್ಲಿ ಸುಮಾರು 7,000 ಲೀಟರ್ ಕೊಡುತ್ತೆ, ಒಂದು ಎಫ್‌ಐಡಿ ದಿನಕ್ಕೆ 576 ಲೀಟರ್ ತಿನ್ನುತ್ತೆ. ಹನ್ನೆರಡು ದಿನಕ್ಕೊಂದು ಸಿಲಿಂಡರ್.

ಎಣ್ಣೆ_ಡಿಜಿಎ

ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಕರಗಿದ ಗ್ಯಾಸ್ ನೋಡುವವರು ಈ ಚರ್ಚೆ ಓದ್ತಿದ್ದರೆ, ಮೇಲೆ ಬರೆದ ಉಳಿತಾಯದ ಲೆಕ್ಕ ನಿಮಗಲ್ಲ. ನಮ್ಮಲ್ಲಿ ಕ್ಯಾರಿಯರ್ ಆರ್ಗಾನ್. ಹೈಡ್ರೋಜನ್ ಮತ್ತು ಆರ್ಗಾನ್ ನಡುವೆ ಉಷ್ಣವಾಹಕತೆಯ ಅಂತರ ದೊಡ್ಡದು, ಅದಕ್ಕೇ ಟಿಸಿಡಿಯಲ್ಲಿ (ಉಷ್ಣವಾಹಕತೆ ನೋಡುವ ಡಿಟೆಕ್ಟರ್) ಹೈಡ್ರೋಜನ್ ಚೆನ್ನಾಗಿ ಕಾಣುತ್ತೆ. ಕಾರ್ಬನ್ ಮಾನಾಕ್ಸೈಡ್, ಡೈಆಕ್ಸೈಡ್ ಎರಡನ್ನೂ ನಿಕಲ್ ಮೆಥನೈಜರ್‌ನಲ್ಲಿ ಮೀಥೇನ್ ಮಾಡಿ ಎಫ್‌ಐಡಿಗೆ ಕಳಿಸ್ತೇವೆ. ಹಾಗಾಗಿ ಆರ್ಗಾನ್‌ನಲ್ಲಿರುವ ಪ್ರತಿ ಪಿಪಿಎಂ ಕಾರ್ಬನ್ ಡೈಆಕ್ಸೈಡ್ ಕೂಡ ಎಫ್‌ಐಡಿ ಪಾಲಿಗೆ ಹೈಡ್ರೋಕಾರ್ಬನ್ನೇ. ಸರ್ಟಿಫಿಕೇಟ್‌ನಲ್ಲಿ ಹೈಡ್ರೋಕಾರ್ಬನ್ 0.1 ಅಂತಿದ್ದು ಡೈಆಕ್ಸೈಡ್ ಬಗ್ಗೆ ಮಾತೇ ಇಲ್ಲದಿದ್ದರೆ ಆ ಸರ್ಟಿಫಿಕೇಟ್ ನಮಗೆ ಅರ್ಧ ಮಾತ್ರ. ಮೆಥನೈಜರ್‌ಗೆ ಹೋಗುವ ಹೈಡ್ರೋಜನ್‌ಗೂ ಇದೇ ನಿಯಮ, ಮೇಲಿಂದ ಗಂಧಕದ ಸೋಂಕೂ ಇರಬಾರದು, ನಿಕಲ್ ಸತ್ತುಹೋಗುತ್ತೆ.

ಟಿಸಿಡಿಯಲ್ಲಿ ಇನ್ನೊಂದು ವಿಚಾರ. ಕ್ಯಾರಿಯರ್‌ನಲ್ಲಿ 3 ಪಿಪಿಎಂ ನೈಟ್ರೋಜನ್ ಇದೆ, ಸ್ಯಾಂಪಲ್‌ನಲ್ಲಿ 1 ಪಿಪಿಎಂ ಇದೆ ಅನ್ನಿ. ನೈಟ್ರೋಜನ್ ಪೀಕ್ ತಲೆಕೆಳಗಾಗಿ ಬರುತ್ತೆ, ಯಾಕೆಂದರೆ ಆ ಜಾಗದಲ್ಲಿ ನೈಟ್ರೋಜನ್ ಸುತ್ತಲಿಗಿಂತ ಕಮ್ಮಿ. ಪೊಲಾರಿಟಿ ಬದಲಿಸಿ ಇಂಟಿಗ್ರೇಟ್ ಮಾಡೋದು ಇದಕ್ಕೆ ಪರಿಹಾರ ಅಲ್ಲ. ಪಿಪಿಎಂ ಮಟ್ಟದಲ್ಲಿ ನೈಟ್ರೋಜನ್, ಆಮ್ಲಜನಕ ಅಳೆಯುವವರಿಗೆ 6.0 ನಿಜವಾಗಿ ಬೇಕು. ಇಲ್ಲಿ ಸಾಮಾನ್ಯ ಟ್ರ್ಯಾಪ್ ಕೂಡ ಕೈಹಿಡಿಯಲ್ಲ, ನೈಟ್ರೋಜನ್ನನ್ನು ಹಿಡಿಯಲು ಬಿಸಿ ಗೆಟರ್ ಪ್ಯೂರಿಫೈಯರೇ ಆಗಬೇಕು.

ಕರಾವಳಿ_ಜಿಸಿ

ಒಂದು ಪ್ರಶ್ನೆ ಮಾರಾಯ್ರೇ. ಸಿಲಿಂಡರ್ ಬದಿಯಿಂದ ಜಿಸಿಗೆ ನೈಲಾನ್ ಟ್ಯೂಬ್ ಎಳೆದಿದ್ದಾರೆ, ಒಳಗೆ 5 ಬಾರ್ ಒತ್ತಡ, ಲೀಕ್ ಇಲ್ಲ. ಮಳೆಗಾಲ ಬಂತು ಅಂದ್ರೆ ಎಂಎಸ್‌ನಲ್ಲಿ ಮಾಸ್ 18 (ನೀರಿನ ಗುರುತು) ಏರ್ತದೆ. ಒಳಗೆ ಒತ್ತಡ ಹೆಚ್ಚು ಇರುವಾಗ ಹೊರಗಿನ ನೀರು ಒಳಗೆ ಬರೋದು ಹೇಗೆ ಅಂತ ಸರ್ವೀಸ್‌ನವರು ಕೇಳ್ತಾರೆ.

ಫೆರೂಲ್

ಖಂಡಿತ ಬರುತ್ತೆ. ನೀರಿನ ಆವಿ ಒಟ್ಟು ಒತ್ತಡವನ್ನು ನೋಡಲ್ಲ, ತನ್ನ ಪಾಲಿನ ಒತ್ತಡವನ್ನು ಮಾತ್ರ ನೋಡುತ್ತೆ. 30 ಡಿಗ್ರಿ ತಾಪಮಾನ, 80 ಶೇಕಡ ಆರ್ದ್ರತೆ ಇದ್ದಾಗ ಹೊರಗೆ ನೀರಿನ ಆಂಶಿಕ ಒತ್ತಡ ಸುಮಾರು 34 ಮಿಲಿಬಾರ್. ಟ್ಯೂಬ್ ಒಳಗೆ 5 ಬಾರ್ ಹೀಲಿಯಂ ಇದ್ದರೂ ನೀರು 1 ಪಿಪಿಎಂ, ಅಂದರೆ 0.005 ಮಿಲಿಬಾರ್. ನೀರಿನ ಲೆಕ್ಕದಲ್ಲಿ ಒಳಗೆ ಖಾಲಿ. ಪ್ಲಾಸ್ಟಿಕ್ ಗೋಡೆಯೊಳಗೆ ಕರಗಿ ಒಳಕ್ಕೆ ಇಳಿಯುತ್ತೆ, ಆಮ್ಲಜನಕವೂ ಅದೇ ದಾರಿ ಹಿಡಿಯುತ್ತೆ. ನೈಲಾನ್, ಪಿಯು (ಪಾಲಿಯುರೆಥೇನ್), ಪಿಟಿಎಫ್‌ಇ (ಟೆಫ್ಲಾನ್) ಯಾವುದೂ ಆಗಲ್ಲ. ಜಿಸಿಗೆಂದೇ ತೊಳೆದು ಒಣಗಿಸಿ ತುದಿ ಮುಚ್ಚಿ ಬರುವ 1/8 ಇಂಚಿನ ತಾಮ್ರ ಅಥವಾ ಸ್ಟೇನ್‌ಲೆಸ್ ಟ್ಯೂಬ್ ಹಾಕಿ, ಹೈಡ್ರೋಜನ್‌ಗೆ ಸ್ಟೇನ್‌ಲೆಸ್. ರೆಫ್ರಿಜರೇಷನ್ ಅಂಗಡಿಯ ತಾಮ್ರದಲ್ಲಿ ಎಳೆಯುವಾಗಿನ ಎಣ್ಣೆ ಉಳಿದಿರುತ್ತೆ, ತಿಂಗಳುಗಟ್ಟಲೆ ಹೈಡ್ರೋಕಾರ್ಬನ್ ಬಿಡುತ್ತೆ.

ರೆಗ್ಯುಲೇಟರ್‌ಗೂ ಇದೇ ಮಾತು. ವೆಲ್ಡಿಂಗ್ ರೆಗ್ಯುಲೇಟರ್ ಒಳಗಿನ ಡಯಾಫ್ರಂ ರಬ್ಬರಿನದು, ಗಾಳಿಯನ್ನೂ ಒಳಗೆ ಬಿಡುತ್ತೆ, ತಾನೂ ವಾಸನೆ ಬಿಡುತ್ತೆ. ಡ್ಯುಯಲ್ ಸ್ಟೇಜ್, ಸ್ಟೇನ್‌ಲೆಸ್ ಡಯಾಫ್ರಂ ಇರುವುದೇ ಬೇಕು, ಬಾಡಿ ಹಿತ್ತಾಳೆ ಆದರೂ ನಡೆಯುತ್ತೆ.

ಫಿಟ್ಟಿಂಗ್ ಬಗ್ಗೆ: 1/8 ಇಂಚಿನ ಕಂಪ್ರೆಷನ್ ಫಿಟ್ಟಿಂಗ್‌ಗೆ ಕೈಯಲ್ಲಿ ಬಿಗಿ ಮಾಡಿದ ಮೇಲೆ ಸ್ಪ್ಯಾನರ್‌ನಲ್ಲಿ ಮುಕ್ಕಾಲು ಸುತ್ತು, 1/4 ಇಂಚಿಗೆ ಒಂದೂಕಾಲು ಸುತ್ತು. ಅದಕ್ಕಿಂತ ಹೆಚ್ಚು ತಿರುಗಿಸಿದರೆ ಫೆರೂಲ್ (ಟ್ಯೂಬನ್ನು ಕಚ್ಚುವ ಉಂಗುರ) ಹಾಳು. ಟೆಫ್ಲಾನ್ ಟೇಪನ್ನು ಟೇಪರ್ ಪೈಪ್ ಥ್ರೆಡ್‌ಗೆ ಮಾತ್ರ ಸುತ್ತಿ, ಕಂಪ್ರೆಷನ್ ಫಿಟ್ಟಿಂಗ್‌ಗೆ ಸುತ್ತಬೇಡಿ. ಲೀಕ್ ನೋಡಲು ಸೋಪಿನ ನೀರೂ ಬೇಡ, ಸಣ್ಣ ಲೀಕ್ ಇದ್ದರೆ ಸೋಪೇ ಒಳಗೆ ಹೋಗುತ್ತೆ. ಎಲೆಕ್ಟ್ರಾನಿಕ್ ಲೀಕ್ ಡಿಟೆಕ್ಟರ್ ಕೊಳ್ಳಿ.

ಪೀಣ್ಯ_ಕ್ಯೂಸಿ

ಟ್ರ್ಯಾಪ್‌ಗಳನ್ನು ಯಾವ ಕ್ರಮದಲ್ಲಿ ಹಾಕಬೇಕು? ಈಗ ಆಮ್ಲಜನಕದ್ದು ಮೊದಲು ಇದೆ.

ಬೇಸ್‌ಲೈನ್

ಬದಲಿಸಿ. ಸಿಲಿಂಡರ್ ಕಡೆಯಿಂದ ಮೊದಲು ತೇವಾಂಶದ್ದು, ಆಮೇಲೆ ಹೈಡ್ರೋಕಾರ್ಬನ್‌ದು, ಆಮೇಲೆ ಆಮ್ಲಜನಕದ್ದು, ಜಿಸಿ ಹತ್ತಿರ ಬಣ್ಣ ಬದಲಿಸುವ ಇಂಡಿಕೇಟಿಂಗ್ ಟ್ರ್ಯಾಪ್. ಆಮ್ಲಜನಕದ ಟ್ರ್ಯಾಪ್‌ಗೆ ನೀರು ಮತ್ತು ಎಣ್ಣೆ ತಾಗಿದರೆ ಅದರ ಶಕ್ತಿ ಬೇಗ ಮುಗಿಯುತ್ತೆ, ಅದಕ್ಕೇ ಅದು ಮೂರನೆಯದು. ಎಲ್ಲವನ್ನೂ ಲಂಬವಾಗಿ ನಿಲ್ಲಿಸಿ. ಅಡ್ಡ ಮಲಗಿಸಿದರೆ ಒಳಗಿನ ಕಾಳು ಕುಸಿದು ಮೇಲ್ಗಡೆ ದಾರಿಯಾಗುತ್ತೆ, ಗ್ಯಾಸ್ ಕಾಳನ್ನು ಮುಟ್ಟದೆ ಹೋಗುತ್ತೆ.

ಯಾವ ಗ್ಯಾಸ್‌ಗೆ ಯಾವುದು: ಎಫ್‌ಐಡಿ ಹೈಡ್ರೋಜನ್‌ಗೆ ತೇವಾಂಶ ಮತ್ತು ಹೈಡ್ರೋಕಾರ್ಬನ್ ಟ್ರ್ಯಾಪ್ ಸಾಕು, ಹೇಗೂ ಜ್ವಾಲೆಗೆ ಆಮ್ಲಜನಕ ಕೊಡ್ತಿದ್ದೀರಿ. ಏರ್ ಲೈನಿಗೆ ಆಮ್ಲಜನಕದ ಟ್ರ್ಯಾಪ್ ಯಾವತ್ತೂ ಹಾಕಬೇಡಿ. 21 ಶೇಕಡ ಆಮ್ಲಜನಕ ಒಮ್ಮೆಲೇ ತಾಗಿದರೆ ಒಳಗಿನ ಲೋಹ ಕೆಂಡದಂತೆ ಬಿಸಿಯಾಗುತ್ತೆ, ಇದು ಅಪಾಯದ ಮಾತು. ಹೊಸ ಟ್ರ್ಯಾಪ್‌ನ ಒಳಗಡೆ ಸೇರಿದ ಗಾಳಿಯನ್ನು ಕ್ಯಾರಿಯರ್ ಹಾಯಿಸಿ ಹೊರಹಾಕಿದ ಮೇಲೆಯೇ ಜಿಸಿಗೆ ಜೋಡಿಸಬೇಕು.

ಇಸಿಡಿ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ಅಲ್ಲಿ ಎಲ್ಲರೂ ಕ್ಯಾರಿಯರ್ ಹೀಲಿಯಂ ಮೇಲೆ ಗಮನ ಇಡ್ತಾರೆ, ಅದು ನಿಮಿಷಕ್ಕೆ 1-2 ಮಿ.ಲೀ. ಅಷ್ಟೇ. ಮೇಕಪ್ (ಡಿಟೆಕ್ಟರ್ ಬಳಿ ಪ್ರತ್ಯೇಕವಾಗಿ ಸೇರಿಸುವ) ನೈಟ್ರೋಜನ್ 30ರಿಂದ 60 ಮಿ.ಲೀ. ಹೋಗುತ್ತೆ. ಸೆಲ್ ನೋಡುವುದು ಬಹುಪಾಲು ಮೇಕಪ್ಪನ್ನೇ. ಆಮ್ಲಜನಕ, ನೀರು, ಹ್ಯಾಲೋಜನ್ ಇರುವ ಆವಿ ಮೂರೂ ಎಲೆಕ್ಟ್ರಾನ್ ನುಂಗುತ್ತವೆ, ಬೇಸ್ ಸಿಗ್ನಲ್ ಏರುತ್ತೆ, ಲೀನಿಯರ್ ರೇಂಜ್ ಕುಗ್ಗುತ್ತೆ. ಆದ್ದರಿಂದ ಒಳ್ಳೆಯ ಆಮ್ಲಜನಕ ಟ್ರ್ಯಾಪ್ ಮೇಕಪ್ ಲೈನಿಗೆ ಬೇಕೇ ಬೇಕು, ಸಾಧ್ಯವಿದ್ದರೆ ನೈಟ್ರೋಜನ್ 5.5. ಮೆಂಬ್ರೇನ್ ನೈಟ್ರೋಜನ್ ಜನರೇಟರನ್ನು ಇಲ್ಲಿಗೆ ಜೋಡಿಸುವ ಯೋಚನೆ ಬೇಡ, ಅದು ಶೇಕಡದ ಲೆಕ್ಕದಲ್ಲಿ ಆಮ್ಲಜನಕ ಉಳಿಸುತ್ತೆ.

ಎಣ್ಣೆ_ಡಿಜಿಎ

ಸಿಲಿಂಡರ್ ಬದಲಿಸುವಾಗ ಆಗುವ ಹಾನಿ ಗ್ರೇಡ್ ತಪ್ಪಿದ್ದಕ್ಕಿಂತ ದೊಡ್ಡದು. ಹೊಸ ಸಿಲಿಂಡರಿಗೆ ರೆಗ್ಯುಲೇಟರ್ ಜೋಡಿಸಿದಾಗ ಅದರ ಹೊಟ್ಟೆಯಲ್ಲಿ ಪೂರ್ತಿ ಗಾಳಿ, ಅಂದರೆ 2,10,000 ಪಿಪಿಎಂ ಆಮ್ಲಜನಕ. ಹಾಗೇ ವಾಲ್ವ್ ತೆರೆದು ಜಿಸಿಗೆ ಬಿಟ್ಟರೆ 6.0 ತರಿಸಿದ್ದು ವ್ಯರ್ಥ. ಗ್ಯಾಸ್ ಒಂದೇ ಸಮ ಹರಿಸಿದರೂ ಪ್ರೆಶರ್ ಗೇಜ್ ಒಳಗಿನ ಕುರುಡು ಕೊಳವೆಯ ಗಾಳಿ ಹೊರಬರಲ್ಲ. ತುಂಬಿ ಖಾಲಿ ಮಾಡಬೇಕು.

ಮಾಡೋ ಕ್ರಮ ಹೀಗೆ. ಜಿಸಿ ಕಡೆಯ ಐಸೊಲೇಷನ್ ವಾಲ್ವ್ ಮುಚ್ಚಿ. ಸಿಲಿಂಡರ್ ವಾಲ್ವ್ ನಿಧಾನಕ್ಕೆ ತೆರೆದು ಕೂಡಲೇ ಮುಚ್ಚಿ. ರೆಗ್ಯುಲೇಟರನ್ನು 5 ಬಾರ್‌ಗೆ ಇಟ್ಟು ಪರ್ಜ್ ವಾಲ್ವ್‌ನಿಂದ ಬಿಡಿ, ಸೊನ್ನೆಗೆ ಬರುವ ಮೊದಲೇ ಪರ್ಜ್ ಮುಚ್ಚಿ, ಇಲ್ಲವಾದರೆ ಗಾಳಿ ವಾಪಸ್ ನುಗ್ಗುತ್ತೆ. ಮತ್ತೆ ತೆರೆಯಿರಿ. ಮೇಲಿನ ಒತ್ತಡದ ಬದಿಯಲ್ಲಿ ಪ್ರತಿ ಸುತ್ತಿಗೆ ಆಮ್ಲಜನಕ ಸುಮಾರು ನೂರೈವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತೆ, ಮೂರು ಸುತ್ತು ಸಾಕು. ಕೆಳ ಬದಿಯಲ್ಲಿ 5 ಬಾರ್ ಗೇಜ್ ಅಂದರೆ ನಿಜವಾಗಿ 6 ಬಾರ್, ಪ್ರತಿ ಸುತ್ತಿಗೆ ಆರರಲ್ಲಿ ಒಂದು ಪಾಲು, 1 ಪಿಪಿಎಂ ಒಳಗೆ ಬರಲು ಏಳು ಸುತ್ತು ಬೇಕು. ಅದಕ್ಕೇ ಏಳು ಅಂತ ಎಸ್‌ಒಪಿಯಲ್ಲಿ (ಕೆಲಸದ ಲಿಖಿತ ಕ್ರಮದಲ್ಲಿ) ಬರೆಯಿರಿ.

ಹೈಡ್ರೋಜನ್ ಆದರೆ ಪರ್ಜ್ ಲೈನ್ ಕಟ್ಟಡದ ಹೊರಗೆ ಹೋಗಬೇಕು. ಗಾಳಿಯಲ್ಲಿ 4 ಶೇಕಡಕ್ಕೇ ಹೊತ್ತಿಕೊಳ್ಳುವ ಗ್ಯಾಸ್ ಅದು. ಧೂಳು ಹೋಗಲಿ ಅಂತ ರೆಗ್ಯುಲೇಟರ್ ಹಾಕುವ ಮೊದಲು ವಾಲ್ವನ್ನು ಒಮ್ಮೆ ಫಟ್ಟನೆ ತೆರೆಯುವ ಅಭ್ಯಾಸ ಕೆಲವರಿಗಿದೆ, ಹೈಡ್ರೋಜನ್ನಿನ ಕೆಂಪು ಸಿಲಿಂಡರಿಗೆ ಅದನ್ನು ಮಾಡಲೇಬಾರದು. ಅದರ ಥ್ರೆಡ್ ಎಡಸುತ್ತು, ಬಲವಂತ ಮಾಡಬೇಡಿ.

ಸಿಲಿಂಡರನ್ನು ಕೊನೆಯ ಹನಿವರೆಗೆ ಹಿಂಡಬೇಡಿ. ಒತ್ತಡ ಇಳಿದಂತೆ ಒಳಗೋಡೆಗೆ ಅಂಟಿದ ತೇವಾಂಶ ಬಿಟ್ಟುಕೊಂಡು ಬರುತ್ತೆ, ಕಮ್ಮಿ ಗ್ಯಾಸ್‌ನಲ್ಲಿ ಅಷ್ಟೇ ನೀರು ಅಂದರೆ ಪಿಪಿಎಂ ಏರುತ್ತೆ. 15-20 ಬಾರ್‌ಗೆ ಬದಲಿಸಿ, ವಾಲ್ವ್ ಮುಚ್ಚಿಯೇ ವಾಪಸ್ ಕಳಿಸಿ.

ಕರಾವಳಿ_ಜಿಸಿ

ಕಾಲಂ ಬ್ಲೀಡ್ (ಬಿಸಿಗೆ ಕಾಲಂನ ಲೇಪವೇ ಬಿಟ್ಟು ಬರೋದು) ಯಾವುದು, ಗ್ಯಾಸ್ ಕೊಳೆ ಯಾವುದು ಅಂತ ಕ್ರೊಮ್ಯಾಟೋಗ್ರಾಂ ನೋಡಿಯೇ ಹೇಳಲಿಕ್ಕೆ ಆಗ್ತದಾ?

ಫೆರೂಲ್

ಆಗ್ತದೆ, ಒಂದು ದಿನದ ಕೆಲಸ. ಇಂಜೆಕ್ಷನ್ ಇಲ್ಲದೆ ಓವನ್ 40 ಡಿಗ್ರಿಯಲ್ಲಿ 5 ನಿಮಿಷ ಇಟ್ಟು ಮೇಲಕ್ಕೆ ಓಡಿಸಿ. ಆಮೇಲೆ ಅದೇ ಪ್ರೋಗ್ರಾಂ, ಆದರೆ 40 ಡಿಗ್ರಿಯಲ್ಲಿ 2 ಗಂಟೆ ಇಟ್ಟು ಓಡಿಸಿ. ಗ್ಯಾಸ್‌ನಲ್ಲಿ ಬರುವ ಕೊಳೆ ತಣ್ಣನೆಯ ಕಾಲಂ ತಲೆಯಲ್ಲಿ ಕೂಡಿಕೊಳ್ಳುತ್ತಾ ಹೋಗುತ್ತೆ, ಎರಡನೇ ರನ್‌ನಲ್ಲಿ ಭೂತ ಪೀಕ್‌ಗಳು ದೊಡ್ಡದಾಗಿ ಏಳುತ್ತವೆ. ಪೀಕ್ ಬೆಳೆದರೆ ಕಾರಣ ಗ್ಯಾಸ್, ಲೈನ್ ಅಥವಾ ಇನ್ಲೆಟ್. ಪೀಕ್ ಇಲ್ಲದೆ ತಾಪಮಾನದ ಜೊತೆ ಬೇಸ್‌ಲೈನ್ ದಿಬ್ಬದ ಹಾಗೆ ಏರಿದರೆ ಅದು ಬ್ಲೀಡ್. ಎಂಎಸ್‌ನಲ್ಲಿ ಮಾಸ್ 207, 281 ಏರುವುದು ಅದರ ಗುರುತು.

ಎಫ್‌ಐಡಿಯಲ್ಲಿ ಕಾಲಂ ಬಿಚ್ಚಿ ಡಿಟೆಕ್ಟರ್ ಕೆಳಗೆ ಕ್ಯಾಪ್ ಹಾಕಿ ಜ್ವಾಲೆ ಹೊತ್ತಿಸಿ. ಆಫ್‌ಸೆಟ್ ಇನ್ನೂ ಹೆಚ್ಚಿದ್ದರೆ ಕ್ಯಾರಿಯರ್ ಮೇಲೆ ಅನುಮಾನ ಬೇಡ. ಮೇಕಪ್ ನಿಲ್ಲಿಸಿ, ಇಳಿದರೆ ಅದರಲ್ಲೇ ಕೊಳೆ. ಇಳಿಯದಿದ್ದರೆ ಏರ್, ಹೈಡ್ರೋಜನ್ ಅಥವಾ ಜೆಟ್.

ಎಂಎಸ್‌ನಲ್ಲಿ 28 (ನೈಟ್ರೋಜನ್) ಮತ್ತು 32ರ (ಆಮ್ಲಜನಕ) ಅನುಪಾತ ನೋಡಿ. ಸುಮಾರು 4ಕ್ಕೆ 1 ಇದ್ದರೆ ಗಾಳಿ ನೇರವಾಗಿ ಬರ್ತಿದೆ, ಟ್ರಾನ್ಸ್‌ಫರ್ ಲೈನ್ ನಟ್ ಅಥವಾ ಇನ್ಲೆಟ್ ಕಡೆ ಹುಡುಕಿ. 28 ಎತ್ತರ ಇದ್ದು 32 ಕಾಣದಷ್ಟು ಕಮ್ಮಿ ಇದ್ದರೆ ಆಮ್ಲಜನಕವನ್ನು ಟ್ರ್ಯಾಪ್ ಹಿಡಿದಿದೆ, ನೈಟ್ರೋಜನ್ನನ್ನು ಬಿಟ್ಟಿದೆ ಅಂತ ಅರ್ಥ. ಅಂದರೆ ಲೀಕ್ ಟ್ರ್ಯಾಪ್‌ಗಿಂತ ಹಿಂದೆ, ಸಿಲಿಂಡರ್ ಬದಿಯಲ್ಲಿದೆ, ಇಲ್ಲವೇ ಸಿಲಿಂಡರಿನಲ್ಲೇ ನೈಟ್ರೋಜನ್ ಹೆಚ್ಚು. ಈ ಟ್ರ್ಯಾಪ್‌ನ ಆಯುಸ್ಸೂ ಸೋರಿಹೋಗ್ತಿದೆ, ತಡ ಮಾಡಬೇಡಿ.

ಪೀಣ್ಯ_ಕ್ಯೂಸಿ

ಹೀಲಿಯಂ ಬೆಲೆ ನೋಡಿ ಎಫ್‌ಐಡಿಯನ್ನು ನೈಟ್ರೋಜನ್‌ಗೆ ಬದಲಿಸಿ ಅಂತ ಮೇಲಿನವರ ಒತ್ತಾಯ. ಆಗ ಗ್ರೇಡ್ ಬದಲಾಗುತ್ತಾ?

ಬೇಸ್‌ಲೈನ್

ಶುದ್ಧತೆ ಅದೇ 5.0, ಅವೇ ಮೂರು ಮಿತಿ. ಬದಲಾಗುವುದು ವೇಗ. ಯುಎಸ್‌ಪಿ (ಅಮೆರಿಕದ ಔಷಧ ಮಾನದಂಡ ಗ್ರಂಥ) 467, ಅಂದರೆ ರೆಸಿಡ್ಯುಯಲ್ ಸಾಲ್ವೆಂಟ್ ಅಧ್ಯಾಯದ ಪ್ರೊಸೀಜರ್ ಎ ನೈಟ್ರೋಜನ್ ಅಥವಾ ಹೀಲಿಯಂ ಎರಡನ್ನೂ ಒಪ್ಪುತ್ತೆ, ಲೀನಿಯರ್ ವೆಲಾಸಿಟಿ ಸೆಕೆಂಡಿಗೆ ಸುಮಾರು 35 ಸೆಂ.ಮೀ. ಆದರೆ ನೈಟ್ರೋಜನ್ ಚೆನ್ನಾಗಿ ಬೇರ್ಪಡಿಸುವುದು 8ರಿಂದ 16ರ ನಡುವೆ. 35ರಲ್ಲಿ ಪೀಕ್ ಅಗಲವಾಗುತ್ತೆ. ಅಸಿಟೋನೈಟ್ರೈಲ್ ಮತ್ತು ಡಿಸಿಎಂ ನಡುವೆ ರೆಸಲ್ಯೂಷನ್ 1.0 ಬರುತ್ತಾ ಅಂತ ನಿಮ್ಮ ಕಾಲಂನಲ್ಲೇ ನೋಡಿ ಆಮೇಲೆ ಒಪ್ಪಿಕೊಳ್ಳಿ.

ಬದಲಿಸುವ ಮುನ್ನ ಸುಲಭದ ಉಳಿತಾಯ ಮಾಡಿ. ಕಾಲಂ 1, ಸೆಪ್ಟಂ ಪರ್ಜ್ 3, ಸ್ಪ್ಲಿಟ್ (ಕಾಲಂಗೆ ಹೋಗದೆ ಹೊರಬಿಡುವ ಪಾಲು) 50, ಒಟ್ಟು ನಿಮಿಷಕ್ಕೆ 54 ಮಿ.ಲೀ. ಹೋದರೆ ಸಿಲಿಂಡರ್ ತೊಂಬತ್ತು ದಿನ. ಗ್ಯಾಸ್ ಸೇವರ್ ಹಾಕಿ ಸ್ಪ್ಲಿಟ್ 20ಕ್ಕೆ ಇಳಿಸಿದರೆ, ಜಿಸಿ ಸುಮ್ಮನೆ ನಿಂತಿರುವ ಹೊತ್ತಿಗೆ 24 ಮಿ.ಲೀ. ಮಾತ್ರ. ಎಫ್‌ಐಡಿ ಮೇಕಪ್‌ಗೆ ಹೀಲಿಯಂ ಕೊಡ್ತಿದ್ದರೆ ಇವತ್ತೇ ನೈಟ್ರೋಜನ್ ಮಾಡಿ.

ಎಂಎಸ್ ಮಾತ್ರ ಹೀಲಿಯಂನಲ್ಲೇ ಇರಲಿ. ಹೈಡ್ರೋಜನ್‌ಗೆ ಹೋದರೆ ಸೆನ್ಸಿಟಿವಿಟಿ ಇಳಿಯುತ್ತೆ, ಬಿಸಿ ಇನ್ಲೆಟ್‌ನಲ್ಲಿ ಡಿಸಿಎಂ ಜೊತೆ ಸೇರಿ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತೆ, ಮೆಥಡ್ ಮತ್ತೆ ಮೊದಲಿಂದ.

ಪೀಣ್ಯ_ಕ್ಯೂಸಿ

ಹಾಗಾದರೆ ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ. ಹೀಲಿಯಂ 5.0, ಆಮ್ಲಜನಕ 1, ತೇವಾಂಶ 1, ಹೈಡ್ರೋಕಾರ್ಬನ್ 0.5 ಪಿಪಿಎಂ ಒಳಗೆ. ಇಸಿಡಿ ಮೇಕಪ್ ನೈಟ್ರೋಜನ್ 5.5. ಎಫ್‌ಐಡಿ ಮೇಕಪ್ ನೈಟ್ರೋಜನ್ 5.0. ಹೈಡ್ರೋಜನ್ 5.0. ಏರ್‌ಗೆ ಜನರೇಟರ್. ಎಂಎಸ್‌ಗೆ ಮಾತ್ರ 6.0 ತರಿಸಲಾ?

ಬೇಸ್‌ಲೈನ್

ಬೇಡ. ಎಂಎಸ್ ಮತ್ತು ಎಫ್‌ಐಡಿ ಒಂದೇ ಹೀಲಿಯಂ ಮ್ಯಾನಿಫೋಲ್ಡ್‌ನಲ್ಲಿ ಇರಲಿ, ಎಂಎಸ್ ಹಿಂದೆ ಒಂದು ಕಾಂಬಿನೇಷನ್ ಟ್ರ್ಯಾಪ್ ಹೆಚ್ಚಿಗೆ ಹಾಕಿ. ಸಿಲಿಂಡರ್ ಜೋಡಣೆಗಳ ಸಂಖ್ಯೆ ಕಮ್ಮಿಯಾದಷ್ಟು ಒಳ್ಳೆಯದು.

ಫೆರೂಲ್

ಇನ್ನೆರಡು ಸಾಲು ಸೇರಿಸಿ. ಒಂದು, ಸರ್ಟಿಫಿಕೇಟ್ ಬ್ಯಾಚಿನದ್ದಾ, ಆ ಸಿಲಿಂಡರಿನದ್ದಾ ಅಂತ ಸ್ಪಷ್ಟವಾಗಿ ಇರಬೇಕು. ಇಸಿಡಿ ನೈಟ್ರೋಜನ್‌ಗೆ ಸಿಲಿಂಡರ್ ನಂಬರ್ ಇರುವ ಸರ್ಟಿಫಿಕೇಟೇ ಕೇಳಿ. ಎರಡು, ಸಿಲಿಂಡರ್ ಹೈ ಪ್ಯೂರಿಟಿ ಗ್ಯಾಸ್‌ಗೇ ಮೀಸಲಾಗಿರಬೇಕು, ತುಂಬುವ ಮೊದಲು ವ್ಯಾಕ್ಯೂಮ್ ಮಾಡಿರಬೇಕು. ನಿನ್ನೆ ವೆಲ್ಡಿಂಗ್ ಶಾಪಿಗೆ ಹೋಗಿದ್ದ ಸಿಲಿಂಡರಿಗೆ ಇವತ್ತು 5.0 ತುಂಬಿದರೆ ಅದು 5.0 ಆಗಿ ಉಳಿಯಲ್ಲ.